ಚೆಂಡೆಗೆ ಬೆದರದ ಕ್ಯಾಮೆರಾ: ಸೋನಿ ಎನ್ಎಕ್ಸ್5ಆರ್ ಜೊತೆ ಕೆಲವು ತಿರುಗಾಟಗಳು

ಯಕ್ಷಗಾನವನ್ನು ಮನೆಬಳಕೆಯ ಕ್ಯಾಮ್‌ಕಾರ್ಡರಿನಲ್ಲಿ ಚಿತ್ರೀಕರಿಸಿದವರಿಗೆಲ್ಲ ಈ ಕಾಟ ಗೊತ್ತು. ಭಾಗವತರು ಪದ್ಯ ಎತ್ತುತ್ತಾರೆ, ದನಿ ಸ್ಪಷ್ಟವಾಗಿರುತ್ತದೆ. ಚೆಂಡೆಗೆ ಮೊದಲ ಪೆಟ್ಟು ಬಿದ್ದೊಡನೆ ಅದೇ ದನಿ ಬಾವಿಯೊಳಗಿಂದ ಬಂದಂತೆ ಕೇಳಿಸುತ್ತದೆ. ಮೆಲ್ಲಗೆ ಮೇಲೇರುವಷ್ಟರಲ್ಲಿ ಮತ್ತೊಂದು ಪೆಟ್ಟು, ಮತ್ತೆ ಕುಸಿತ. ಸದ್ದು ಜೋರಾದಾಗಲೆಲ್ಲ ಕ್ಯಾಮೆರಾ ತಾನಾಗಿಯೇ ಇಡೀ ಧ್ವನಿಮಟ್ಟವನ್ನು ತಗ್ಗಿಸುವುದರ ಫಲ ಇದು. ಹುಟ್ಟುಹಬ್ಬಕ್ಕೆ ಅದು ಅನುಕೂಲ, ಏರುಪದ್ಯಕ್ಕೆ ಶಾಪ. ನನ್ನ ಹಳೆಯ ಕ್ಯಾಮೆರಾದಲ್ಲಿ ಅದನ್ನು ನಿಲ್ಲಿಸುವ ದಾರಿಯೇ ಇರಲಿಲ್ಲ. ಈಗ ನಮ್ಮೊಂದಿಗಿಲ್ಲದ ಹಿರಿಯ ಭಾಗವತರೊಬ್ಬರ ಪದ್ಯಗಳು ನನ್ನಲ್ಲಿ ಹೀಗೆ ಮುಳುಗೇಳುತ್ತಲೇ ಉಳಿದಿವೆ. ಆ ಸಂಕಟವೇ ನನ್ನನ್ನು ಸೋನಿಯ ವೃತ್ತಿಪರ ಕ್ಯಾಮ್‌ಕಾರ್ಡರ್ ಎನ್ಎಕ್ಸ್5ಆರ್ ಕೊಳ್ಳುವಂತೆ ಮಾಡಿತು. 2016ರ ಮಾದರಿ, ಕೊಂಡದ್ದು ಬಳಸಿದ್ದನ್ನು. ಹೊಸದು ನನ್ನ ಸಂಬಳಕ್ಕೆ ಎಟುಕುವಂಥದ್ದಲ್ಲ.

ಆಟ ಶುರುವಾಗುವ ಮುನ್ನದ ಅರ್ಧ ಗಂಟೆ ನನಗೆ ಬಲು ಪ್ರಿಯ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ಹಚ್ಚುತ್ತಿರುವಾಗ ನಾನು ಮೈಕ್ ಸೆಟ್‌ನವರ ಬಳಿ ಹೋಗಿ ಮಿಕ್ಸರಿನಿಂದ ಒಂದು ವಯರ್ ಎಳೆದುಕೊಳ್ಳುತ್ತೇನೆ. ಅದು ಕ್ಯಾಮೆರಾದ ಮೊದಲ ಎಕ್ಸ್ಎಲ್ಆರ್ ಕಿಂಡಿಗೆ (ವೃತ್ತಿಪರ ಮೈಕುಗಳ ವಯರ್ ಸಿಕ್ಕಿಸುವ ಮೂರು ಪಿನ್ನಿನ ಕಿಂಡಿ), ಸ್ವಿಚ್ಚು ಮೈಕಿಗಲ್ಲ, ಮಿಕ್ಸರಿನ ಬಲವಾದ ಸಂಕೇತಕ್ಕೆಂದಿರುವ ಲೈನ್‌ಗೆ. ಎರಡನೆಯ ಕಿಂಡಿಗೆ ರಂಗಸ್ಥಳದತ್ತ ಮುಖ ಮಾಡಿದ ಕಂಡೆನ್ಸರ್ ಮೈಕು. ಅದಕ್ಕೆ ಬೇಕಾದ 48 ವೋಲ್ಟನ್ನು ಕ್ಯಾಮೆರಾವೇ ಕೊಡುತ್ತದೆ. ಎರಡೂ ಚಾನೆಲ್‌ಗಳನ್ನು ಆಟೊದಿಂದ ಮ್ಯಾನ್ಯುಯಲ್‌ಗೆ ತಳ್ಳಿದರೆ ಮುಂದಿನದೆಲ್ಲ ಎರಡು ಪುಟ್ಟ ಚಕ್ರಗಳ ಕೆಲಸ. ಪೀಠಿಕೆಯ ಚೆಂಡೆ ಬಾರಿಸುವಾಗ ಹೆಡ್‌ಫೋನ್ ಹಾಕಿಕೊಂಡು, ಅತಿ ಜೋರಿನ ಪೆಟ್ಟೂ ಮೀಟರಿನ ಅಂಚು ಮುಟ್ಟದಷ್ಟಕ್ಕೆ ಚಕ್ರ ತಿರುಗಿಸಿ ಬಿಡುತ್ತೇನೆ. ಮೈಕಿನ ಚಾನೆಲ್ಲನ್ನು ಇನ್ನೂ ಸ್ವಲ್ಪ ತಗ್ಗಿನಲ್ಲಿಡುತ್ತೇನೆ, ಮಿಕ್ಸರಿನವರು ನಡುರಾತ್ರಿ ಸದ್ದು ಏರಿಸಿದರೂ ಒಂದಾದರೂ ಉಳಿಯಲಿ ಎಂದು. ಆಮೇಲೆ ಬೆಳಗಿನವರೆಗೂ ಚೆಂಡೆ ಚೆಂಡೆಯಾಗಿಯೇ, ಪದ್ಯ ಪದ್ಯವಾಗಿಯೇ ಇರುತ್ತದೆ. ಮದ್ದಳೆಯ ಸಣ್ಣ ಬೆರಳಾಟ ಮೊದಲ ಸಲ ಕೇಳಿಸಿದ ದಿನ ಕಣ್ಣು ತುಂಬಿ ಬಂದಿತ್ತು.

ಮನೆಬಳಕೆಯ ಕ್ಯಾಮೆರಾ ನಮ್ಮ ಪರವಾಗಿ ತೀರ್ಮಾನ ಮಾಡುತ್ತದೆ, ಇದು ತೀರ್ಮಾನವನ್ನು ಕೈಗೆ ಬಿಡುತ್ತದೆ. ಫೋಕಸ್, ಝೂಮ್, ಒಳಬರುವ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಐರಿಸ್ ಇವುಗಳಿಗೆ ಲೆನ್ಸಿನ ಮೇಲೆ ಬೇರೆ ಬೇರೆ ರಿಂಗುಗಳಿವೆ. ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸುವಾಗ ಪರದೆ ಹಿಡಿದವರ ಮೇಲೆ ಫೋಕಸ್ ಇಟ್ಟಿದ್ದು, ತೆರೆ ಸರಿದೊಡನೆ ಬೆರಳಿನಿಂದ ಮುಖಕ್ಕೆ ತರುವುದರ ಸುಖವೇ ಬೇರೆ. ಮೆನು ಹುಡುಕುವ ಕೆಲಸವಿಲ್ಲ, ಕಣ್ಣು ರಂಗದಿಂದ ಕದಲುವುದಿಲ್ಲ. ಕಾರ್ಡಿಗೂ ಎರಡು ಕಿಂಡಿ: ಒಂದು ತುಂಬಿದರೆ ರೆಕಾರ್ಡಿಂಗ್ ನಿಲ್ಲದೆ ಇನ್ನೊಂದಕ್ಕೆ ಹೋಗುತ್ತದೆ. ಹಲವು ಸ್ಟಿಲ್ ಕ್ಯಾಮೆರಾಗಳು ವಿಡಿಯೊ ತೆಗೆಯುವಾಗ ಅರ್ಧ ಗಂಟೆಗೆ ನಿಂತುಬಿಡುತ್ತಿದ್ದುದಕ್ಕೆ ಒಂದು ಕಾರಣ ಯುರೋಪಿನ ಸುಂಕ. ಅದಕ್ಕಿಂತ ಹೆಚ್ಚು ಹೊತ್ತು ರೆಕಾರ್ಡ್ ಮಾಡಿದರೆ ಅಲ್ಲಿ ಅದು ವಿಡಿಯೊ ಕ್ಯಾಮೆರಾ ಎಂದಾಗಿ ಹೆಚ್ಚು ತೆರಿಗೆ ಬೀಳುತ್ತಿತ್ತು. ಅದರ ಬಿಸಿ ಕರಾವಳಿಯ ಗದ್ದೆಯ ಆಟಕ್ಕೂ ತಟ್ಟಿತ್ತು!

ಇಷ್ಟು ಹೊಗಳಿದ ಮೇಲೂ ಎಲ್ಲರಿಗೂ ಇದನ್ನು ಕೊಳ್ಳಿ ಎನ್ನಲಾರೆ. ಇದರಲ್ಲಿ 4ಕೆ ಇಲ್ಲ, ಬರೀ ಎಚ್‌ಡಿ. ಹಗಲಿನಲ್ಲಿ ಮಗಳ ಮೊಬೈಲಿನ ಚಿತ್ರವೇ ಹೆಚ್ಚು ಚೂಪಾಗಿ ಕಾಣುತ್ತದೆ. ಇಂಥ ಕ್ಯಾಮೆರಾಗಳಲ್ಲಿ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು, ಹಾಗಾಗಿ ದೊಂದಿ ಬೆಳಕಿನ ಪ್ರವೇಶದಂಥ ಕಡೆ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಖಂಡಿತ ಮುಂದಿದೆ. ಒಳ್ಳೆಯ ಟ್ರೈಪಾಡ್, ದೊಡ್ಡ ಬ್ಯಾಟರಿ, ಮೈಕು ಎಂದು ಖರ್ಚು ಬೆಳೆಯುತ್ತದೆ. ನಾನು ಒಂದೊಂದನ್ನು ಒಂದೊಂದು ವರ್ಷ ಕೊಂಡೆ. ಪ್ರವಾಸಕ್ಕೆ, ಮನೆಯ ಸಮಾರಂಭಕ್ಕೆ ಮೊಬೈಲೇ ಸಾಕು.

ಆದರೆ ಆಟ, ತಾಳಮದ್ದಳೆ, ಸಂಗೀತ ಕಛೇರಿಗಳನ್ನು ದಾಖಲಿಸುವವರು ಸೆನ್ಸರಿನ ಲೆಕ್ಕಕ್ಕಿಂತ ಮೊದಲು ಧ್ವನಿಯ ಚಕ್ರ ಎಲ್ಲಿದೆ ಎಂದು ನೋಡಿ. ಬಳಸಿದ್ದನ್ನು ಕೊಳ್ಳುವುದಾದರೆ ಮೈಕ್ ಕೊಂಡೊಯ್ದು ಎರಡೂ ಕಿಂಡಿಗಳಿಗೆ ಹಾಕಿ ಕೇಳಿ, ಚಕ್ರ ತಿರುಗಿಸುವಾಗ ಕರಕರ ಸದ್ದು ಬರುತ್ತದೆಯೇ ಗಮನಿಸಿ, ರಿಂಗುಗಳನ್ನು ಕೊನೆಯಿಂದ ಕೊನೆಗೆ ತಿರುಗಿಸಿ, ಎರಡೂ ಕಾರ್ಡುಗಳಲ್ಲಿ ರೆಕಾರ್ಡ್ ಮಾಡಿ ನೋಡಿ. ಆಮೇಲೆ ಬೆಲೆ ಮಾತಾಡಿ.