ಆಟೋ ಲಾಗಿನ್ ಐಕಾನ್ ನಂಬಿ ಕೂರಬೇಡಿ: ನಮ್ಮ ಕಾಫಿ ಕ್ಯೂರಿಂಗ್‌ನಲ್ಲಿ ಆದದ್ದು

ದೂರದ ಸರ್ವರಿಗೆ ಹೋಗಲು ಬಳಸುವ ಟೆರಾ ಟರ್ಮ್, ಪುಟ್ಟಿ ಥರದ ಟರ್ಮಿನಲ್ ತಂತ್ರಾಂಶದಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ತಾನಾಗಿಯೇ ಟೈಪ್ ಆಗುವಂತೆ ಯಾರಾದರೂ ಸ್ಕ್ರಿಪ್ಟ್ ಬರೆದುಕೊಟ್ಟಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಸುಗ್ಗಿ ಶುರುವಾಗುವ ಮೊದಲೇ ಓದಿದರೆ ಇನ್ನೂ ಒಳ್ಳೆಯದು.

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ನಲ್ಲಿ (ಕಾಫಿ ಸಂಸ್ಕರಿಸುವ ಕಾರ್ಖಾನೆ) ಕಂಪ್ಯೂಟರ್ ನೋಡಿಕೊಳ್ಳುವವನು. ಸ್ಟಾಕ್ ಲೆಕ್ಕದ ಹಳೆಯ ಪ್ರೋಗ್ರಾಂ ಇರುವುದು ಹಾಸನದ ಕಚೇರಿಯ ಲಿನಕ್ಸ್ ಸರ್ವರ್‌ನಲ್ಲಿ. ಗೇಟು, ತೂಕದ ಮನೆ, ಗೋಡೌನು, ಎಲ್ಲ ಕಡೆಯಿಂದಲೂ ಟೆಲ್ನೆಟ್ ಎಂಬ ಹಳೆಯ ಸಂಪರ್ಕ ವಿಧಾನದಲ್ಲಿ ಅಲ್ಲಿಗೆ ಹೋಗಬೇಕು. ಸಾಫ್ಟ್‌ವೇರ್ ಹಾಕಿಕೊಟ್ಟವರು ಎಲ್ಲ ಕಂಪ್ಯೂಟರಿಗೂ ಒಂದೇ ಸ್ಕ್ರಿಪ್ಟ್, ಒಂದೇ ಖಾತೆ, ಒಂದೇ ಪಾಸ್‌ವರ್ಡ್ ಇಟ್ಟು ಹೋಗಿದ್ದರು. ಐಕಾನ್ ಒತ್ತಿದರೆ ನೇರ ಮೆನು.

ಸ್ಕ್ರಿಪ್ಟ್‌ನಲ್ಲಿ ಇದ್ದದ್ದು ಇಷ್ಟೇ. ತೆರೆಯ ಮೇಲೆ ‘ಲಾಗಿನ್:’ ಎಂದು ಬರುವವರೆಗೆ ಕಾಯಿ, ಹೆಸರು ಕಳಿಸು. ‘ಪಾಸ್‌ವರ್ಡ್:’ ಬರುವವರೆಗೆ ಕಾಯಿ, ಪಾಸ್‌ವರ್ಡ್ ಕಳಿಸು. ಮತ್ತೆ ‘ಲಾಗಿನ್:’ ಕಂಡರೆ ಮೊದಲಿಂದ ಶುರು ಮಾಡು. ವರ್ಷಗಟ್ಟಲೆ ಏನೂ ಆಗಲಿಲ್ಲ, ಹಾಗಾಗಿ ಯಾರೂ ಅದನ್ನು ತೆರೆದು ನೋಡಿರಲಿಲ್ಲ.

ಅದೇ ಸಾಫ್ಟ್‌ವೇರಿನವರು ಜನವರಿಯಲ್ಲಿ ಸರ್ವರ್ ಬದಲಿಸಿದರು. ಅರೇಬಿಕಾ ಮುಗಿಯುತ್ತಾ ರೋಬಸ್ಟಾ ಶುರುವಾಗುವ ಹೊತ್ತು ಅದು, ಗೇಟಿನಲ್ಲಿ ಲಾರಿ ತಪ್ಪುವುದೇ ಇಲ್ಲ. ಹಳೆಯ ಖಾತೆಯ ಕಡತಗಳನ್ನು ಹೊಸದಕ್ಕೆ ಕಾಪಿ ಮಾಡುವಾಗ ನಕ್ಷತ್ರ ಚಿಹ್ನೆ ಹಾಕಿ ‘ಎಲ್ಲ’ ಎಂದುಕೊಂಡರು. ಚುಕ್ಕಿಯಿಂದ ಶುರುವಾಗುವ ಕಡತಗಳು ಆ ‘ಎಲ್ಲ’ದಲ್ಲಿ ಸೇರುವುದಿಲ್ಲ. ಹೀಗೆ ಎರಡು ಕಡತ ಹಿಂದೆ ಉಳಿದವು. ಒಂದು, ಲಾಗಿನ್ ಆದ ತಕ್ಷಣ ಮೆನು ತೆರೆಯುವ ಬ್ಯಾಷ್ ಪ್ರೊಫೈಲ್ (ಬ್ಯಾಷ್ ಎಂದರೆ ನಾವು ಟೈಪ್ ಮಾಡಿದ ಆಜ್ಞೆ ನಡೆಸುವ ಪ್ರೋಗ್ರಾಂ, ಅಂಥದ್ದಕ್ಕೆ ಶೆಲ್ ಎನ್ನುತ್ತಾರೆ). ಇನ್ನೊಂದು ಹಶ್‌ಲಾಗಿನ್ ಎಂಬ ಖಾಲಿ ಕಡತ. ಅದು ಇದ್ದರೆ ಸರ್ವರ್ ಸುಮ್ಮನೆ ಒಳಗೆ ಬಿಡುತ್ತದೆ. ಇಲ್ಲದಿದ್ದರೆ, ನೀವು ಹಿಂದಿನ ಸಲ ಯಾವಾಗ ಬಂದಿದ್ದಿರಿ ಎಂದು ‘ಲಾಸ್ಟ್ ಲಾಗಿನ್:’ ಎಂಬ ಸಾಲು ತೋರಿಸುತ್ತದೆ.

ಆ ಸಾಲಿನೊಳಗೇ ‘ಲಾಗಿನ್:’ ಇದೆಯಲ್ಲ! ಒಳಗೆ ಹೋಗಿ ಆಗಿದ್ದರೂ ಸ್ಕ್ರಿಪ್ಟ್ ಇನ್ನೂ ಬಾಗಿಲಲ್ಲೇ ಇದ್ದೇನೆಂದು ತಿಳಿದು ಹೆಸರನ್ನು ಮತ್ತೆ ಕಳಿಸಿತು, ಆಮೇಲೆ ‘ಪಾಸ್‌ವರ್ಡ್:’ಗೆ ಕಾಯಿತು. ಅದು ಬರುವ ಮಾತೇ ಇಲ್ಲ. ಟೆರಾ ಟರ್ಮ್‌ನ ವೇಟ್ ಆಜ್ಞೆಗೆ ಕೊಟ್ಟ ಸಮಯ ಮುಗಿದರೆ ಸ್ಕ್ರಿಪ್ಟ್ ನಿಲ್ಲುವುದಿಲ್ಲ, ರಿಸಲ್ಟ್ ಎಂಬ ಜಾಗದಲ್ಲಿ 0 ಬರೆದು ಮುಂದಿನ ಸಾಲಿಗೆ ಹೋಗುತ್ತದೆ. ಮುಂದಿನ ಸಾಲು ಯಾವುದು? ಪಾಸ್‌ವರ್ಡ್ ಕಳಿಸುವುದು. ಮೆನು ತೆರೆದಿರಲಿಲ್ಲವಾದ್ದರಿಂದ ಪಾಸ್‌ವರ್ಡ್ ಹೋಗಿ ಶೆಲ್ ಆಜ್ಞೆಯಾಗಿ ಬಿತ್ತು. ಅಂಥ ಆಜ್ಞೆ ಇಲ್ಲವೆಂದು ಬ್ಯಾಷ್ ಅದನ್ನೇ ಅಚ್ಚುಕಟ್ಟಾಗಿ ತೆರೆಯ ಮೇಲೆ ಬರೆಯಿತು, ಕೌಂಟರಿನ ಎದುರು ನಿಂತವರೆಲ್ಲ ಓದುವ ಹಾಗೆ. ಸರ್ವರಿನ ಹಿಸ್ಟರಿ ಕಡತದಲ್ಲೂ, ಟೆರಾ ಟರ್ಮ್ ಉಳಿಸುತ್ತಿದ್ದ ಲಾಗ್‌ನಲ್ಲೂ ಅದು ಕೂತಿತು.

ಗೇಟಿನಲ್ಲಿದ್ದ ಹುಡುಗಿ ಏನೋ ತಪ್ಪು ಒತ್ತಿದ್ದಾಳೆಂದು ಫೋನಿನಲ್ಲಿ ಗದರಿದರು. ಅವಳು ಒತ್ತಿದ್ದು ಐಕಾನ್ ಒಂದನ್ನೇ. ಇದನ್ನು ಬರೆಯಲು ಕೂತದ್ದೇ ಮುಖ್ಯವಾಗಿ ಆ ಮಾತಿಗಾಗಿ.

ನಿಜವಾದ ಫಜೀತಿ ಆಮೇಲಿನದು. ಪಾಸ್‌ವರ್ಡ್ ಬಯಲಾಯಿತೆಂದು ಹಾಸನದಲ್ಲಿ ಕೂತು ಬದಲಿಸಿದರು, ನಮಗೆ ಹೇಳಲಿಲ್ಲ. ಎಲ್ಲ ಮೇಜಿನ ಸ್ಕ್ರಿಪ್ಟ್‌ಗಳೂ ಹಳೆಯದನ್ನೇ ಕಳಿಸುತ್ತಿದ್ದವು. ತಪ್ಪಾದರೆ ಮತ್ತೆ ‘ಲಾಗಿನ್:’ ಬರುತ್ತದೆ, ಸ್ಕ್ರಿಪ್ಟ್ ಮತ್ತೆ ಶುರು. ತಪ್ಪು ಪಾಸ್‌ವರ್ಡ್ ಎಣಿಸುವ ಲಿನಕ್ಸಿನ ಫೇಲ್‌ಲಾಕ್ ಸಾಮಾನ್ಯವಾಗಿ 3 ತಪ್ಪಿಗೆ ಖಾತೆ ಮುಚ್ಚಿ 600 ಸೆಕೆಂಡು ಬಿಟ್ಟು ತೆರೆಯುತ್ತದೆ. ತೆರೆದ ಕೂಡಲೇ ಯಾವುದೋ ಮೇಜಿನದು ಹೋಗಿ ಮತ್ತೆ ಮುಚ್ಚಿಸುತ್ತಿತ್ತು. ಸರಿಯಾದ ಪಾಸ್‌ವರ್ಡ್ ಗೊತ್ತಿದ್ದವರಿಗೂ ಪ್ರವೇಶವಿಲ್ಲ. ಮೂಡಿಗೆರೆ ಕಡೆಯಿಂದ ಪಾರ್ಚ್‌ಮೆಂಟ್ ಕಾಫಿ ತಂದವರು ರಾತ್ರಿಯವರೆಗೆ ಲಾರಿಯಲ್ಲೇ ಕಾದರು. ತೂಕದ ಚೀಟಿಗಳನ್ನು ಕೈಯಲ್ಲಿ ಬರೆದುಕೊಟ್ಟೆವು.

ಈಗ ಟೆಲ್ನೆಟ್ ನಿಲ್ಲಿಸಿದ್ದೇವೆ. ಅದರಲ್ಲಿ ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುವ ಅಕ್ಷರಗಳಲ್ಲೇ ಹೋಗುತ್ತದೆ. 1995ರಲ್ಲಿ ಫಿನ್ಲೆಂಡಿನ ಟಾಟು ಯ್ಲೋನೆನ್, ಎಲ್ಲವನ್ನೂ ಗುಪ್ತಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬರೆದದ್ದೇ ವಿಶ್ವವಿದ್ಯಾಲಯದ ಜಾಲದಲ್ಲಿ ಹಾಗೆ ಪಾಸ್‌ವರ್ಡ್ ಕದ್ದ ಮೇಲೆ. ಇಷ್ಟು ವರ್ಷದ ಮೇಲೂ ನಾವು ಹಳೆಯದನ್ನೇ ಹಿಡಿದುಕೊಂಡಿದ್ದೆವು. ಈಗ ಒಂದೊಂದು ಮೇಜಿಗೂ ಬೇರೆ ಎಸ್‌ಎಸ್‌ಎಚ್ ಕೀಲಿ. ಬೆಳಿಗ್ಗೆ ಕೀಲಿ ಹಿಡಿದಿಟ್ಟುಕೊಳ್ಳುವ ಪೇಜೆಂಟ್ ಎಂಬ ತಂತ್ರಾಂಶದಲ್ಲಿ ಒಮ್ಮೆ ಕೀಲಿಯ ಪಾಸ್‌ಫ್ರೇಸ್ ಕೊಟ್ಟರೆ ದಿನವಿಡೀ ಐಕಾನ್ ಒತ್ತಿದರೆ ಸಾಕು. ಒಂದು ಕಂಪ್ಯೂಟರ್ ಹೋದರೆ ಸರ್ವರಿನ ಆಥರೈಸ್ಡ್ ಕೀಸ್ ಕಡತದಲ್ಲಿ ಅದರ ಒಂದು ಸಾಲು ಅಳಿಸಬೇಕು, ಅಷ್ಟೇ. ಪುಟ್ಟಿ ಬಳಸುವವರು ಶಾರ್ಟ್‌ಕಟ್‌ನಲ್ಲಿ ‘-ಪಿಡಬ್ಲ್ಯು’ ಎಂದು ಪಾಸ್‌ವರ್ಡ್ ಸೇರಿಸಿದ್ದರೆ ಅದನ್ನೂ ತೆಗೆಯಿರಿ. ಟಾಸ್ಕ್ ಮ್ಯಾನೇಜರಿನಲ್ಲಿ ಕಮಾಂಡ್ ಲೈನ್ ಕಾಲಂ ತೆರೆದರೆ ಅದು ಕಾಣುತ್ತದೆ.

ಹಳೆಯ ಯಂತ್ರ, ಟೆಲ್ನೆಟ್ ಬಿಟ್ಟರೆ ಬೇರೇನೂ ಬರದು ಎನ್ನುವವರು ಸ್ಕ್ರಿಪ್ಟ್‌ನಲ್ಲಿ ಪ್ರತಿ ವೇಟ್ ಆದ ಮೇಲೆ ರಿಸಲ್ಟ್ 0 ಇದೆಯೇ ನೋಡಿ, ಇದ್ದರೆ ಅಲ್ಲೇ ಮುಗಿಸಿ. ಮರುಪ್ರಯತ್ನದ ಲೂಪ್ ಬೇಡವೇ ಬೇಡ. ಪಾಸ್‌ವರ್ಡನ್ನು ಕಡತದಲ್ಲಿ ಬರೆಯದೆ, ಪಾಸ್‌ವರ್ಡ್‌ಬಾಕ್ಸ್ ಆಜ್ಞೆಯಿಂದ ಆಗಿಂದಾಗ ಕೇಳಿ ಪಡೆಯಿರಿ.

ಪಾಸ್‌ವರ್ಡ್ ಬದಲಿಸುವ ದಿನ ಬಂದರೆ, ಮೊದಲು ಎಲ್ಲ ಮೇಜಿನ ಹಳೆಯ ಸ್ಕ್ರಿಪ್ಟ್ ಅಳಿಸಿ, ತೆರೆದಿರುವ ಟರ್ಮಿನಲ್ ಕಿಟಕಿಗಳನ್ನೆಲ್ಲ ಮುಚ್ಚಿಸಿ. ಸರ್ವರಿನ ಕೆಲಸ ಆಮೇಲೆ.