ಡಿಸ್ಕ್ ಹಾಕಿಸಿದ ಮೇಲೂ ಬ್ರೇಕ್ ಸಾಲದಿದ್ದರೆ: ಪ್ಯಾಡ್, ಬೂಸ್ಟರ್, ಮಾಸ್ಟರ್ ಸಿಲಿಂಡರ್

ಹಳೆ ಕಾರಿನ ಮುಂದಿನ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಆದರೆ ಎಷ್ಟು ತುಳಿದರೂ ಕಾರು ಬೇಗ ನಿಲ್ಲುತ್ತಿರಲಿಲ್ಲ. ಹಳೆ ಡ್ರಮ್ಮೇ ವಾಸಿ ಅನ್ನಿಸುವಷ್ಟು. ಲೈನಿನಲ್ಲಿ ಏರ್ ಇದ್ದಿದ್ದರೆ ಪೆಡಲ್ ಮೆತ್ತಗಿರಬೇಕಿತ್ತು, ಹಾಗಿರಲಿಲ್ಲ. ಮೂರು ದಾರಿಗಳನ್ನು ಇದೇ ಕಾರಿನಲ್ಲಿ ಹಾಕಿ ನೋಡಿದೆ. ಈಗ ಉಳಿದಿರುವುದು ಸಣ್ಣ ಬೋರಿನ (ಒಳಗಿನ ಅಗಲದ) ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ತುಳಿದಾಗ ಬ್ರೇಕ್ ಆಯಿಲ್‌ಗೆ ಒತ್ತಡ ಕೊಡುವ ಭಾಗ. ಅದನ್ನು ಬದಲಿಸುವ ಯೋಚನೆ ಇಲ್ಲ.

ಡ್ರಮ್ ತಿರುಗುವಾಗ ಒಂದು ಶೂವನ್ನು (ಒಳಗಿಂದ ಡ್ರಮ್ಮಿಗೆ ಒತ್ತುವ ಬಾಗಿದ ಪಟ್ಟಿ) ತಾನೇ ಎಳೆದುಕೊಂಡು ಬಿಗಿ ಮಾಡಿಕೊಳ್ಳುತ್ತದೆ. ಡಿಸ್ಕ್‌ಗೆ ಆ ಸಹಾಯ ಇಲ್ಲ. ಡಿಸ್ಕನ್ನು ಹಿಡಿಯುವ ಪ್ಯಾಡ್ ಒತ್ತುವ ಬಲವೆಲ್ಲ ಬ್ರೇಕ್ ಆಯಿಲ್ ಒತ್ತಡದಿಂದಲೇ ಬರಬೇಕು. ಹಳೆ ಸಿಲಿಂಡರಿಗೆ ಅಷ್ಟು ಒತ್ತಡ ಕೊಡುವ ತಾಕತ್ತಿರಲಿಲ್ಲ.

ಹೆಚ್ಚು ಹಿಡಿತದ ಪ್ಯಾಡ್ ಸುಲಭದ ದಾರಿ, ಸ್ವಲ್ಪ ವ್ಯತ್ಯಾಸವೂ ಗೊತ್ತಾಯಿತು. ಅಷ್ಟೇ.

ಇಂಜಿನ್ನಿನ ವ್ಯಾಕ್ಯೂಮ್‌ನಿಂದ ಕಾಲಿನ ಬಲಕ್ಕೆ ಬಲ ಕೂಡಿಸುವ ವ್ಯಾಕ್ಯೂಮ್ ಬೂಸ್ಟರ್ ಹಾಕಿದಾಗ ಪೆಡಲ್ ಬೆಣ್ಣೆಯಷ್ಟು ಹಗುರ. ಆದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಪೆಡಲ್ ತಾನಾಗಿ ಮೇಲಕ್ಕೆ ಬಂದು ಗಟ್ಟಿಯಾಗುತ್ತಿತ್ತು. ಗಾಡಿ ಎಳೆಯುತ್ತಿರಲಿಲ್ಲ, ಮುಂದಿನ ಚಕ್ರ ಮುಟ್ಟಲಾಗದಷ್ಟು ಬಿಸಿ. ತಣ್ಣಗಾದ ಮೇಲೆ ಮತ್ತೆ ಎಲ್ಲ ಸರಿ! ಪ್ಯಾಡ್ ಒತ್ತುವ ಕ್ಯಾಲಿಪರ್ ಜಾಮ್ ಅಂತ ಬಿಚ್ಚಿದರೆ ಪಿಸ್ಟನ್ ಸಲೀಸಾಗಿ ಓಡಾಡುತ್ತಿತ್ತು.

ಬೂಸ್ಟರ್ ಕಿಟ್‌ನಲ್ಲಿ ಬಂದ ಪುಶ್ ರಾಡ್ (ಬೂಸ್ಟರಿನಿಂದ ಸಿಲಿಂಡರನ್ನು ತಳ್ಳುವ ಕಡ್ಡಿ) ಒಂಚೂರು ಉದ್ದ ಇತ್ತು. ಕಾಲು ತೆಗೆದರೂ ಅದು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ಪೂರ್ತಿ ಹಿಂದಕ್ಕೆ ಬರಲು ಬಿಡುತ್ತಿರಲಿಲ್ಲ. ಆಯಿಲ್ ಡಬ್ಬಕ್ಕೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚೇ ಇರುತ್ತಿತ್ತು. ಬಿಸಿಗೆ ಹಿಗ್ಗಿದ ಆಯಿಲ್‌ಗೆ ಬೇರೆ ದಾರಿ ಇಲ್ಲ, ಪ್ಯಾಡನ್ನೇ ಒತ್ತುತ್ತದೆ. ಬ್ರೇಕ್ ಹಿಡಿದಿರುವಾಗಲೇ ಸಿಲಿಂಡರಿನ ನಟ್ ಸ್ವಲ್ಪ ಸಡಿಲ ಮಾಡಿ, ಬೂಸ್ಟರಿನಿಂದ ಮುಂದಕ್ಕೆ ಸರಿಸಿದೆ. ಚಕ್ರ ತಕ್ಷಣ ಬಿಟ್ಟುಕೊಂಡಿತು. ಆಗ ರಾಡೇ ಕಾರಣ ಅಂತ ಖಾತ್ರಿಯಾಯಿತು.

ರಾಡ್ ತಿರುಗಿಸಿ ಗಿಡ್ಡ ಮಾಡಿ, ಡಬ್ಬದ ಮುಚ್ಚಳ ತೆಗೆದು, ಪೆಡಲನ್ನು ಮೆಲ್ಲಗೆ ಒತ್ತಿಸಿದೆ. ಆಯಿಲ್ ಮೇಲ್ಮೈಯಲ್ಲಿ ಸಣ್ಣ ಚಿಲುಮೆ ಎದ್ದಿತು. ತೂತು ತೆರೆದಿದ್ದರೆ ಮಾತ್ರ ಅದು ಏಳುತ್ತದೆ. ಹಾಗಂತ ತೀರಾ ಗಿಡ್ಡ ಮಾಡಿದರೆ ಪೆಡಲ್ ಸುಮ್ನೆ ಕೆಳಕ್ಕೆ ಹೋಗುತ್ತದೆ. ಜೊತೆಗೆ ನನ್ನ ಬಾನೆಟ್ ಒಳಗೆ ಬೂಸ್ಟರಿಗೆ ಜಾಗವೇ ಕಮ್ಮಿ, ಪಕ್ಕದ ಯಾವ ಕೆಲಸಕ್ಕೂ ಕೈ ಹೋಗುತ್ತಿರಲಿಲ್ಲ.

ಕೊನೆಗೆ ಬೂಸ್ಟರ್ ತೆಗೆದು, 1 ಇಂಚಿನ ಸಿಲಿಂಡರ್ ಬದಲು 7/8 ಇಂಚಿನದು ಹಾಕಿದೆ. ಅಷ್ಟೇ ಬಲದಲ್ಲಿ ತುಳಿದರೂ ಒತ್ತಡ ಸುಮಾರು 30 ಶೇಕಡಾ ಜಾಸ್ತಿ. ಪೆಡಲ್ ಅದೇ ಲೆಕ್ಕದಲ್ಲಿ ಹೆಚ್ಚು ಕೆಳಗೆ ಹೋಗುತ್ತದೆ, ಅದೇ ಇದರ ಬೆಲೆ. ಕಾಲಿನಡಿ ಎಷ್ಟು ಹಿಡಿಯುತ್ತಿದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ, ಅದಕ್ಕೇ ನನಗಿದು ಇಷ್ಟ. ಹಿಂದಿನ ಡ್ರಮ್‌ಗೂ ಒತ್ತಡ ಏರುವುದರಿಂದ, ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತಾ ಅಂತ ಖಾಲಿ ಜಾಗದಲ್ಲಿ ನೋಡಲೇಬೇಕು. ಡ್ರಮ್‌ಗಾಗಿ ಮಾಡಿದ ಸಿಲಿಂಡರಿನಲ್ಲಿ ಲೈನಿನ ಒತ್ತಡ ಹಿಡಿದಿಡುವ ವಾಲ್ವ್ ಇದ್ದರೆ, ಡಿಸ್ಕ್ ಲೈನಿಗೆ ಅದು ಬೇಡ.

ನನ್ನದು ಹಗುರ ಕಾರು, ರಜೆ ದಿನ ಮಾತ್ರ ಓಡುತ್ತದೆ, ರಿಪೇರಿಯೂ ನಾನೇ. ಬೂಸ್ಟರ್ ಕಿಟ್‌ಗಿಂತ ಸಿಲಿಂಡರ್ ಎಷ್ಟೋ ಅಗ್ಗ. ಭಾರದ ಕಾರು, ದಿನಾ ಟ್ರಾಫಿಕ್, ಮೊಣಕಾಲು ನೋವು ಅನ್ನುವವರು ಬೂಸ್ಟರನ್ನೇ ಹಾಕಿಸಿ. ರಾಡಿಗೂ ಸಿಲಿಂಡರಿನ ಪಿಸ್ಟನ್ನಿಗೂ ನಡುವಿನ ಗ್ಯಾಪ್ ಮಾತ್ರ ನೀವೇ ನಿಂತು ನೋಡಿಸಿ.