ಮುಹೂರ್ತ ಗೊತ್ತಾಗುವ ಮುಂಚೆಯೇ ಟಿಕೆಟ್: ಲಂಡನ್–ಬೆಂಗಳೂರು ಏವಿಯೋಸ್ ಪ್ರಯಾಣದ ಏಳು ವರ್ಷ

ನಮ್ಮ ಕಡೆ ಮದುವೆಯ ಮುಹೂರ್ತ ಗೊತ್ತಾಗುವುದು ಹೆಚ್ಚೆಂದರೆ ಎರಡು ತಿಂಗಳ ಮುಂಚೆ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಏವಿಯೋಸ್ ಎಂಬ ಬಹುಮಾನದ ಪಾಯಿಂಟ್ ಕೊಟ್ಟು ಕೊಳ್ಳುವ ಸೀಟುಗಳು ತೆರೆಯುವುದು 355 ದಿನಗಳ ಮುಂಚೆ. ಈ ಎರಡರ ನಡುವಿನ ಸುಮಾರು ಹತ್ತು ತಿಂಗಳಲ್ಲಿ ಮನೆಯಲ್ಲಿ ಏನು ಬೇಕಾದರೂ ಆಗಬಹುದು, ಆಗಿದೆ ಕೂಡ. ಹಾಗಾಗಿ ಪಾಯಿಂಟ್‌ನಿಂದ ಎಷ್ಟು ಹಣ ಉಳಿಯಿತು ಎನ್ನುವುದನ್ನು ನಾನು ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೇನೆ. ಕೊಂಡ ಟಿಕೆಟನ್ನು ಎಷ್ಟು ಸುಲಭವಾಗಿ ಬದಲಿಸಬಹುದು, ಬೇಡವಾದರೆ ಎಷ್ಟು ಮರಳಿ ಸಿಗುತ್ತದೆ ಎನ್ನುವುದೇ ನನಗೆ ಮುಖ್ಯ. ಈ ಬರಹವೂ ಅಷ್ಟರ ಬಗ್ಗೆಯೇ. ಊಟ, ಸೀಟು, ಸಿನಿಮಾ ಯಾವುದನ್ನೂ ಇಲ್ಲಿ ಹೇಳುವುದಿಲ್ಲ.

ನಾವು ನಾಲ್ವರು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಇದ್ದೇವೆ. ಊರು ತಿಪಟೂರು. ಅಮ್ಮ ಅಲ್ಲಿಯೇ, ತಮ್ಮನ ಜೊತೆ ಇದ್ದಾರೆ. 2019ರಿಂದ, ವಿಮಾನ ಸಂಚಾರವೇ ನಿಂತಿದ್ದ ಸಮಯ ಬಿಟ್ಟರೆ, ವರ್ಷಕ್ಕೊಮ್ಮೆಯಾದರೂ ಏವಿಯೋಸ್ ಪಾಯಿಂಟ್‌ನಲ್ಲಿ ಹೋಗಿ ಬರುತ್ತಿದ್ದೇವೆ. ಹಾರಾಟದಿಂದ ಬಂದ ಪಾಯಿಂಟ್ ಕಡಿಮೆ. ಕಾರ್ಡ್ ಖರ್ಚಿನಿಂದ ಬಂದದ್ದೇ ಹೆಚ್ಚು, ಜೊತೆಗೆ ಸೇನ್ಸ್‌ಬರೀಸ್ ಅಂಗಡಿಯಲ್ಲಿ ದಿನಸಿ ಕೊಂಡಾಗ ಸಿಗುವ ನೆಕ್ಟರ್ ಪಾಯಿಂಟ್ ಇದೆ. 2021ರಿಂದ ನೆಕ್ಟರನ್ನು ಏವಿಯೋಸ್‌ಗೆ ಬದಲಿಸಿಕೊಳ್ಳಬಹುದು. ಮನೆಯವರೆಲ್ಲರ ಪಾಯಿಂಟ್ ಒಂದೇ ಕುಟುಂಬ ಖಾತೆಗೆ ಸೇರುವಂತೆ ಮಾಡಿಕೊಂಡಿದ್ದೇವೆ. ಏವಿಯೋಸ್ ಕೂಡಿಸುವ ಈ ಯೋಜನೆಯನ್ನು ಮೊದಲು ಎಕ್ಸಿಕ್ಯೂಟಿವ್ ಕ್ಲಬ್ ಎನ್ನುತ್ತಿದ್ದರು, 2025ರ ಏಪ್ರಿಲ್‌ನಿಂದ ಬ್ರಿಟಿಷ್ ಏರ್‌ವೇಸ್ ಕ್ಲಬ್ ಎನ್ನುತ್ತಾರೆ. ಹೆಸರು ಬದಲಾದರೂ ಟಿಕೆಟ್ ಬದಲಿಸುವ, ರದ್ದು ಮಾಡುವ ಮೂಲ ನಿಯಮ ನಾನು ಶುರು ಮಾಡಿದ ದಿನದಿಂದ ಹಾಗೆಯೇ ಇದೆ.

ಆ ನಿಯಮ ಚಿಕ್ಕದು. ವಿಮಾನ ಹೊರಡಲು 24 ಗಂಟೆಗಿಂತ ಹೆಚ್ಚು ಸಮಯವಿದ್ದರೆ ತಲಾ 35 ಪೌಂಡ್ ಕೊಟ್ಟು ಟಿಕೆಟ್ ರದ್ದು ಮಾಡಬಹುದು. ಪಾಯಿಂಟ್ ಪೂರ್ತಿ ಖಾತೆಗೆ ಮರಳುತ್ತದೆ, ಕಟ್ಟಿದ ತೆರಿಗೆ ಮತ್ತು ಶುಲ್ಕದ ಹಣ ಆ 35 ಪೌಂಡ್ ಕಳೆದು ಕಾರ್ಡಿಗೆ ಬರುತ್ತದೆ. ದಿನಾಂಕ ಬದಲಿಸಲೂ ತಲಾ 35 ಪೌಂಡ್. ಆದರೆ ಹೊರಡುವ ಊರು, ತಲುಪುವ ಊರು ಅವೇ ಇರಬೇಕು. ಊರು ಬದಲಾಗುವುದಾದರೆ ಹಳೆಯದನ್ನು ರದ್ದು ಮಾಡಿ ಹೊಸದಾಗಿ ಕೊಳ್ಳಬೇಕು. 24 ಗಂಟೆಯ ಗೆರೆ ದಾಟಿದ ಮೇಲೆ ಪಾಯಿಂಟ್ ಹೋದ ಹಾಗೆಯೇ.

ಇಷ್ಟು ಓದಿಕೊಂಡೇ ನಾನು 2019ರ ಆರಂಭದಲ್ಲಿ ನಾಲ್ವರಿಗೂ ಒಂದೇ ಬುಕಿಂಗ್‌ನಲ್ಲಿ ಹೋಗಿಬರುವ ಟಿಕೆಟ್ ಮಾಡಿಸಿದೆ. ತಮ್ಮನಿಗೆ ಹುಡುಗಿ ಗೊತ್ತಾಗಿತ್ತು, ದಿನ ಗೊತ್ತಾಗಿರಲಿಲ್ಲ. ಕಾರ್ತಿಕದಲ್ಲಿ ಮದುವೆ ಇರಬಹುದೆಂಬ ಅಂದಾಜಿನ ಮೇಲೆ ಸೀಟು ಹಿಡಿದೆ. ಕೊನೆಗೆ ಮುಹೂರ್ತ ಬಂದದ್ದು ನಾವು ಹಿಡಿದ ದಿನಕ್ಕಿಂತ ಹನ್ನೆರಡು ದಿನ ಮುಂಚೆ. ಬದಲಿಸಲು 140 ಪೌಂಡ್ ಆಗುತ್ತದೆ ಎಂದು ಗೊತ್ತಿತ್ತು, ಅದಕ್ಕೆ ಸಿದ್ಧವಿದ್ದೆ. ನನಗೆ ಅಲ್ಲಿಯವರೆಗೆ ಹೊಳೆಯದಿದ್ದದ್ದು ಬೇರೆ. ಹೊಸ ದಿನದಲ್ಲಿಯೂ ಪಾಯಿಂಟ್‌ಗೆಂದು ಬಿಟ್ಟಿರುವ ಸೀಟೇ ನಾಲ್ಕು ಖಾಲಿ ಇರಬೇಕು. ವಿಮಾನದಲ್ಲಿ ನಲವತ್ತು ಸೀಟು ಖಾಲಿಯಿದ್ದರೂ ಅವು ಹಣದ ಸೀಟುಗಳಾದರೆ ನಮಗೆ ಉಪಯೋಗವಿಲ್ಲ. ಪ್ರತಿ ದೂರದ ವಿಮಾನದಲ್ಲಿ ಪಾಯಿಂಟ್‌ಗೆ ಕನಿಷ್ಠ ಇಷ್ಟು ಸೀಟು ಎಂದು ಕಂಪನಿ ಮಾತು ಕೊಟ್ಟಿದೆ: ಎಕಾನಮಿಯಲ್ಲಿ 8, ಪ್ರೀಮಿಯಂ ಎಕಾನಮಿಯಲ್ಲಿ 2, ಬಿಸಿನೆಸ್‌ನಲ್ಲಿ 4. ಆದರೆ ಅವು ತೆರೆಯುವುದು ವರ್ಷದ ಹಿಂದೆ. ಮದುವೆಗೆ ಎರಡು ತಿಂಗಳಿರುವಾಗ ಉಳಿದಿರುವುದು ಇತರರು ಬಿಟ್ಟುಕೊಟ್ಟ ಸೀಟುಗಳು.

ಒಂಬತ್ತು ದಿನ, ಬೆಳಗ್ಗೆ ಮತ್ತು ರಾತ್ರಿ ನೋಡಿದೆ. ಒಮ್ಮೆ ಎರಡು ಸೀಟು ಕಾಣುತ್ತಿದ್ದವು, ಮರುದಿನ ಮೂರು. ನಾಲ್ಕು ಒಟ್ಟಿಗೆ ಕಂಡ ದಿನ, ಅಡುಗೆಮನೆಯಲ್ಲಿ ಒಲೆ ಆರಿಸಿ ಬಂದು ಬದಲಿಸಿಕೊಂಡೆ. ದೇವರ ಸಮಾರಾಧನೆಯ ದಿನ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದು, ಅಲ್ಲಿಂದ ನೇರವಾಗಿ ತಿಪಟೂರಿಗೆ ಹೋಗಿ ಊಟದ ಹೊತ್ತಿಗೆ ಪಂಕ್ತಿಯಲ್ಲಿ ಕುಳಿತೆವು. ಬದಲಿಸುವ ಹಕ್ಕು ನಮ್ಮದು, ಸೀಟು ಸಿಗುತ್ತದೆ ಎಂಬ ಭರವಸೆ ಯಾರದೂ ಅಲ್ಲ ಎನ್ನುವುದನ್ನು ಹೊಸದಾಗಿ ಪಾಯಿಂಟ್ ಕೂಡಿಸುವ ಎಲ್ಲರಿಗೂ ಈ ಕಾರಣಕ್ಕೇ ಮೊದಲು ಹೇಳುತ್ತೇನೆ.

2020ರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಆ ವರ್ಷದ ಮಾರ್ಚ್ ಕೊನೆಯಲ್ಲಿ ಭಾರತ ನಿಗದಿತ ಅಂತರರಾಷ್ಟ್ರೀಯ ವಿಮಾನ ಸಂಚಾರವನ್ನೇ ನಿಲ್ಲಿಸಿತು, ಅದು ಮತ್ತೆ ಮಾಮೂಲಿಗೆ ಬಂದದ್ದು 2022ರ ಮಾರ್ಚ್ 27ರಂದು. ನಮ್ಮ ಏಪ್ರಿಲ್ ಟಿಕೆಟ್‌ನ ಪಾಯಿಂಟ್, ಹಣ ಎರಡೂ ಪೂರ್ತಿ ಮರಳಿದವು. ವಿಮಾನ ರದ್ದಾದದ್ದು ನಮ್ಮ ಕಡೆಯಿಂದ ಅಲ್ಲವಾದರೆ 35 ಪೌಂಡ್ ಮುರಿಯುವ ಪ್ರಶ್ನೆಯಿಲ್ಲ. ಇಲ್ಲಿ ಒಂದು ಮಾತು ತಿಳಿದಿರುವುದು ಒಳ್ಳೆಯದು. ವಿಮಾನ ರದ್ದಾದರೆ ಅಥವಾ ಬಹಳ ತಡವಾದರೆ ಪ್ರಯಾಣಿಕರಿಗೆ ಸಿಗುವ ಬ್ರಿಟನ್ನಿನ ಕಾನೂನಿನ ರಕ್ಷಣೆ ಪಾಯಿಂಟ್ ಟಿಕೆಟ್‌ಗೂ ಅನ್ವಯಿಸುತ್ತದೆ. ಲಂಡನ್‌ನಿಂದ ಹೊರಡುವ ಯಾವುದೇ ಕಂಪನಿಯ ವಿಮಾನಕ್ಕೆ ಅದು ಉಂಟು. ಬೆಂಗಳೂರಿನಿಂದ ಹೊರಡುವಾಗ ಮಾತ್ರ ಬ್ರಿಟನ್ ಅಥವಾ ಯುರೋಪಿನ ಕಂಪನಿಯ ವಿಮಾನವಾಗಿದ್ದರೆ ಉಂಟು, ಭಾರತದ ಕಂಪನಿಯದಾಗಿದ್ದರೆ ಇಲ್ಲ. ಪಾಯಿಂಟ್‌ನಲ್ಲಿ ಬಂದವರು ಬಿಟ್ಟಿ ಪ್ರಯಾಣಿಕರು, ಕೇಳುವ ಹಕ್ಕಿಲ್ಲ ಎಂದು ಸುಮ್ಮನಾಗುವವರನ್ನು ನೋಡಿದ್ದೇನೆ. ಹಾಗೆ ಸುಮ್ಮನಾಗಬೇಡಿ.

ನನ್ನ ಅಭ್ಯಾಸವನ್ನೇ ಬದಲಿಸಿದ್ದು 2022ರ ನವೆಂಬರ್. ಡಿಸೆಂಬರ್ ರಜೆಗೆ ನಾಲ್ವರದೂ ಒಂದೇ ಬುಕಿಂಗ್ ಇತ್ತು, ಹೋಗಿಬರುವ ಟಿಕೆಟ್. ಒಂದು ಬೆಳಗ್ಗೆ ತಮ್ಮ ಫೋನ್ ಮಾಡಿ, ಅಮ್ಮ ಹಿತ್ತಿಲಿನ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಾರೆ, ಸೊಂಟದ ಮೂಳೆ ಮುರಿದಿದೆ, ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದ. ಮೂರನೆಯ ದಿನದ ವಿಮಾನದಲ್ಲಿ ಒಂದೇ ಒಂದು ಪಾಯಿಂಟ್ ಸೀಟು ಕಂಡಿತು. ಹೋಗುವುದಕ್ಕೆ ಮಾತ್ರ ಅದನ್ನು ಕೊಂಡು ಹೊರಟೆ.

ಈಗ ಡಿಸೆಂಬರ್ ಟಿಕೆಟ್‌ನ ಪ್ರಶ್ನೆ. ಮನೆಯವರು ಮತ್ತು ಮಕ್ಕಳು ಅದರಲ್ಲಿ ಬರಬೇಕು. ನನಗೆ ಅದರಲ್ಲಿ ಹೋಗುವ ಅರ್ಧ ಬೇಡ, ಬರುವ ಅರ್ಧ ಬೇಕು. ಹೋಗುವ ವಿಮಾನಕ್ಕೆ ನಾನು ಸುಮ್ಮನೆ ಹಾಜರಾಗದೆ ಉಳಿದಿದ್ದರೆ ಬರುವ ಟಿಕೆಟ್ ತಾನಾಗಿಯೇ ರದ್ದಾಗುತ್ತಿತ್ತು. ಹೋಗಿಬರುವ ಟಿಕೆಟನ್ನು ಕ್ರಮವಾಗಿಯೇ ಬಳಸಬೇಕು, ಮೊದಲರ್ಧ ಬಿಟ್ಟರೆ ಎರಡನೆಯದು ಉಳಿಯುವುದಿಲ್ಲ. ಇದು ಪಾಯಿಂಟ್ ಟಿಕೆಟ್‌ನ ವಿಶೇಷವಲ್ಲ, ಹಣದ ಟಿಕೆಟ್‌ಗೂ ಇದೇ. ಆದರೂ ಎಷ್ಟು ಜನರಿಗೆ ಇದು ವಿಮಾನ ನಿಲ್ದಾಣದ ಕೌಂಟರ್ ಮುಂದೆ ನಿಂತಾಗಲೇ ತಿಳಿದಿದೆ! ನಾಲ್ವರ ಬುಕಿಂಗ್‌ನಿಂದ ಒಬ್ಬರನ್ನು ಮಾತ್ರ ಬಿಡಿಸುವುದು ವೆಬ್‌ಸೈಟ್‌ನಲ್ಲಿ ನನ್ನಿಂದ ಆಗಲಿಲ್ಲ, ಫೋನ್ ಮಾಡಬೇಕಾಯಿತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತು ಮಾಡಿದ ಆ ಕರೆಯಲ್ಲಿ ಮಾತನಾಡಿದ ಹೆಣ್ಣುಮಗಳು ತಾಳ್ಮೆಯಿಂದ ನನ್ನ ಹೆಸರನ್ನು ಬೇರೆ ಮಾಡಿ ಕೊಟ್ಟರು. ರದ್ದು ಮಾಡುವ ಮುಂಚೆ ಅವರೇ ಒಂದು ಎಚ್ಚರಿಕೆ ಹೇಳಿದರು: ನೀವು ಬಿಟ್ಟ ಸೀಟು ಮತ್ತೆ ಪಾಯಿಂಟ್ ಸೀಟಾಗಿಯೇ ಮರಳುತ್ತದೆ ಎನ್ನುವ ಖಾತರಿಯಿಲ್ಲ. ಹಾಗಾಗಿ ಮೊದಲು ಬೆಂಗಳೂರಿನಿಂದ ಬರುವ ಬೇರೊಂದು ಸೀಟು ಹಿಡಿದೆ, ಮಕ್ಕಳ ವಿಮಾನಕ್ಕಿಂತ ಒಂದು ದಿನ ಹಿಂದಿನದು. ಅದು ಖಚಿತವಾದ ಮೇಲೆ ಹಳೆಯ ಟಿಕೆಟ್ ಬಿಟ್ಟೆ. ಖಾತೆಯಲ್ಲಿ ಸ್ವಲ್ಪ ಪಾಯಿಂಟ್ ಉಳಿಸಿಕೊಂಡಿದ್ದರಿಂದ ಇದು ಸಾಧ್ಯವಾಯಿತು. ಎಲ್ಲವನ್ನೂ ಖರ್ಚು ಮಾಡಿದ್ದಿದ್ದರೆ ಮೊದಲು ಬಿಟ್ಟು ಆಮೇಲೆ ಹಿಡಿಯಬೇಕಾಗುತ್ತಿತ್ತು, ಅಷ್ಟರಲ್ಲಿ ಸೀಟು ಇರುತ್ತಿತ್ತೋ ಇಲ್ಲವೋ. ಅಂದಿನಿಂದ ಒಬ್ಬರು ಒಂದು ದಿಕ್ಕಿಗೆ ಹೋಗುವಷ್ಟು ಪಾಯಿಂಟನ್ನು ಖಾತೆಯಲ್ಲಿ ಮುಟ್ಟದೆ ಇಟ್ಟಿರುತ್ತೇನೆ. ಮೊದಲೆಲ್ಲ ಅಮ್ಮ ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಡುತ್ತಿದ್ದ ನೋಟು ಹೇಗೋ ಹಾಗೆ.

ಆ ಚಳಿಗಾಲದ ನಂತರ ನಾವು ಹೋಗಿಬರುವ ಟಿಕೆಟ್ ಕೊಂಡಿಲ್ಲ. ಹೋಗುವುದಕ್ಕೆ ಒಂದು ಬುಕಿಂಗ್, ಬರುವುದಕ್ಕೆ ಇನ್ನೊಂದು. ಅದರಲ್ಲಿಯೂ ನಾನು ಮತ್ತು ಮಗಳು ಒಂದರಲ್ಲಿ, ಮನೆಯವರು ಮತ್ತು ಮಗ ಇನ್ನೊಂದರಲ್ಲಿ. ಒಟ್ಟು ನಾಲ್ಕು ಬುಕಿಂಗ್. ಪ್ರತಿ ಮಗುವಿನ ಜೊತೆ ಒಬ್ಬ ದೊಡ್ಡವರು ಇರುತ್ತಾರೆ, ಯಾವುದನ್ನು ಬೇಕಾದರೂ ಉಳಿದವನ್ನು ಮುಟ್ಟದೆ ಫೋನ್ ಮಾಡದೆಯೇ ರದ್ದು ಮಾಡಬಹುದು. ಇದಕ್ಕೆ ಬೆಲೆಯೂ ಇದೆ. ಎಲ್ಲರ ಪ್ರಯಾಣವೂ ಎರಡೂ ದಿಕ್ಕಿನಲ್ಲಿ ರದ್ದಾದರೆ 140ರ ಬದಲು 280 ಪೌಂಡ್ ಹೋಗುತ್ತದೆ. ಇಷ್ಟು ವರ್ಷಗಳಲ್ಲಿ ನಮ್ಮಷ್ಟಕ್ಕೆ ನಾವೇ ಎರಡೂ ದಿಕ್ಕನ್ನು ಪೂರ್ತಿ ರದ್ದು ಮಾಡಿದ್ದು ಒಮ್ಮೆ ಮಾತ್ರ. ಒಂದು ದಿಕ್ಕಿನದನ್ನು ಹಿಂದೆ ಮುಂದೆ ಮಾಡಿದ್ದು ಆರು ಸಲ. ನಮ್ಮಂಥವರಿಗೆ, ಅಂದರೆ ಊರಿನಲ್ಲಿ ವಯಸ್ಸಾದವರನ್ನು ಬಿಟ್ಟು ಬಂದವರಿಗೆ, ಬೇರೆ ಬೇರೆ ಟಿಕೆಟೇ ಸರಿ ಎಂದು ನಾನು ದೃಢವಾಗಿ ಹೇಳುತ್ತೇನೆ. ಇದರಿಂದ ಇನ್ನೂ ಒಂದು ಅನುಕೂಲವಿದೆ. ಹೋಗುವ ಸೀಟು ತೆರೆದ ರಾತ್ರಿ ಮೂರು ವಾರದ ನಂತರದ ಬರುವ ಸೀಟು ಇನ್ನೂ ತೆರೆದಿರುವುದಿಲ್ಲ. ಎರಡೂ ತೆರೆಯಲಿ ಎಂದು ಕಾದರೆ ಹೋಗುವ ಸೀಟು ಕೈತಪ್ಪುತ್ತದೆ. ಬೇರೆ ಬೇರೆ ಕೊಳ್ಳುವವರಿಗೆ ಆ ಚಿಂತೆಯಿಲ್ಲ.

24 ಗಂಟೆಯ ಗೆರೆಯ ಬಗ್ಗೆ ಒಂದಿಷ್ಟು. 2024ರ ಬೇಸಿಗೆಯಲ್ಲಿ ಅಮ್ಮ ಚೇತರಿಸಿಕೊಂಡು ಮೊದಲ ಬಾರಿಗೆ ನಮ್ಮಲ್ಲಿಗೆ ಬರುವವರಿದ್ದರು. ಗುರುವಾರ ಬೆಳಗ್ಗೆ ಏಳರ ಆಸುಪಾಸಿಗೆ ಬೆಂಗಳೂರಿನಿಂದ ಹೊರಡುವ ವಿಮಾನ. ಮಂಗಳವಾರ ಸಂಜೆಯಾದರೂ ವೀಸಾಕ್ಕೆ ಕೊಟ್ಟ ಪಾಸ್‌ಪೋರ್ಟ್ ಮನೆಗೆ ಬಂದಿರಲಿಲ್ಲ. ಬುಧವಾರ ಬರಬಹುದು, ಬೆಳಗ್ಗೆ ಎದ್ದು ನೋಡಿ ತೀರ್ಮಾನಿಸೋಣ ಎಂದು ಮನೆಯವರು ಹೇಳಿದರು. ಆಗ ಕಾಗದದ ಮೇಲೆ ಲೆಕ್ಕ ಹಾಕಿದೆ. 24 ಗಂಟೆ ಎಂದರೆ ಬೆಂಗಳೂರಿನ ಬುಧವಾರ ಬೆಳಗಿನ ಏಳು, ಬೇಸಿಗೆಯ ಇಂಗ್ಲೆಂಡಿನಲ್ಲಿ ಆಗ ಬುಧವಾರ ನಸುಕಿನ ಎರಡೂವರೆ. ಬೆಳಗ್ಗೆ ಏಳುವಷ್ಟರಲ್ಲಿ ಗೆರೆ ದಾಟಿರುತ್ತಿತ್ತು. ಮಂಗಳವಾರ ರಾತ್ರಿ ಹನ್ನೊಂದಕ್ಕೆ ರದ್ದು ಮಾಡಿದೆ. ಪಾಯಿಂಟ್ ಆಗಲೇ ಖಾತೆಗೆ ಬಂತು, ಹಣ ಕಾರ್ಡಿಗೆ ಕೆಲವು ದಿನ ಬಿಟ್ಟು. ಅಮ್ಮ ಮೂರು ವಾರದ ನಂತರ ಬೇರೆ ಸೀಟಿನಲ್ಲಿ ಬಂದರು, ಚೀಲದ ತುಂಬ ಕೊಬ್ಬರಿ ತಂದಿದ್ದರು. ನೀವು ಇಂಗ್ಲೆಂಡಿನಲ್ಲಿ ಕುಳಿತು ಊರಿನವರ ಟಿಕೆಟ್ ನೋಡಿಕೊಳ್ಳುವವರಾದರೆ, ಹೊರಡುವ ಊರಿನ ಗಡಿಯಾರದ ಪ್ರಕಾರವೇ ಆ ಗೆರೆಯನ್ನು ಮೊಬೈಲ್‌ನಲ್ಲಿ ಎಚ್ಚರಿಕೆಯಾಗಿ ಇಟ್ಟುಕೊಳ್ಳಿ.

ಈ ಯೋಜನೆಯಲ್ಲಿ ನಾನು ಬದಲಾಗಬೇಕೆಂದು ಬಯಸುವುದು ಈ ಗೆರೆಯೊಂದನ್ನೇ. ಕಾಯಿಲೆ, ಸಾವು 24 ಗಂಟೆ ಮುಂಚೆ ತಿಳಿಸಿ ಬರುವುದಿಲ್ಲ. ಹೊರಡುವ ದಿನ ಮಗುವಿಗೆ ಜ್ವರ ಬಂದವರಿಗೆ ಹೆಚ್ಚು ಶುಲ್ಕ ಮುರಿದುಕೊಂಡಾದರೂ ಪಾಯಿಂಟ್ ಮರಳಿಸುವ ದಾರಿ ಇರಬೇಕು. ಅಮೆರಿಕದ ಯುನೈಟೆಡ್‌ನಂಥ ಕಂಪನಿಗಳಲ್ಲಿ ಹೊರಡುವ ಮುಂಚೆ ರದ್ದು ಮಾಡಿದರೆ ಶುಲ್ಕವಿಲ್ಲದೆಯೇ ಪಾಯಿಂಟ್ ಮರಳುತ್ತದೆ, ಆದ್ದರಿಂದ ಇದು ಆಗದ ಮಾತೇನೂ ಅಲ್ಲ.

ಇಷ್ಟಾದರೂ ನಾನು ಏವಿಯೋಸ್ ಬಿಟ್ಟು ಹೋಗದಿರಲು ಕಾರಣ ಇನ್ನೊಂದು ಕಂಪನಿಯಲ್ಲಿ ಆದ ಅನುಭವ. ಅಲ್ಲಿ ಪಾಯಿಂಟ್‌ಗೆ ಮೂರು ವರ್ಷದ ಆಯುಸ್ಸು, ಬಳಸುತ್ತಿದ್ದರೂ ಇಲ್ಲದಿದ್ದರೂ ಅಷ್ಟೇ. ಮೂರನೆಯ ವರ್ಷದ ಕೊನೆಯಲ್ಲಿ ಟಿಕೆಟ್ ಕೊಂಡೆ, ಎರಡು ತಿಂಗಳ ಮೇಲೆ ಪ್ರಯಾಣ ರದ್ದು ಮಾಡಬೇಕಾಯಿತು. ಶುಲ್ಕ ಕಟ್ಟಿದೆ. ಖಾತೆ ತೆರೆದು ನೋಡಿದರೆ ಕಾಲುಭಾಗವೂ ಮರಳಿರಲಿಲ್ಲ, ಉಳಿದದ್ದರ ಅವಧಿ ಟಿಕೆಟ್‌ನೊಳಗೇ ತೀರಿಹೋಗಿತ್ತು. ರದ್ದು ಮಾಡುವ ಪುಟದಲ್ಲಿ ಅದನ್ನು ಒಂದು ಸಾಲಿನಲ್ಲಿ ಹೇಳಿದ್ದರೂ ನಾನು ಬೇರೆ ದಿನಕ್ಕೆ ಬದಲಿಸಿಕೊಳ್ಳುತ್ತಿದ್ದೆ. ಆ ನೋವು ಇಂದಿಗೂ ಹೋಗಿಲ್ಲ. ಏವಿಯೋಸ್‌ನಲ್ಲಿ 36 ತಿಂಗಳಲ್ಲಿ ಒಮ್ಮೆಯಾದರೂ ಪಾಯಿಂಟ್ ಸೇರಿಸಿದರೆ ಅಥವಾ ಖರ್ಚು ಮಾಡಿದರೆ ಇಡೀ ಖಾತೆ ಜೀವಂತವಾಗಿರುತ್ತದೆ. ನೀವು ಯಾವ ಕಂಪನಿಯಲ್ಲಿ ಕೂಡಿಸುತ್ತಿದ್ದರೂ, ರದ್ದತಿ ಶುಲ್ಕ ಎಷ್ಟೆಂದು ಕೇಳುವ ಮುಂಚೆ ಮರಳುವ ಪಾಯಿಂಟ್‌ನ ಆಯುಸ್ಸು ಎಷ್ಟೆಂದು ಕೇಳಿ. ಕಾರ್ಡಿನ ಜೊತೆ ಬರುವ ಜೊತೆಗಾರರ ವೋಚರ್‌ಗೂ (ಒಬ್ಬರ ಪಾಯಿಂಟ್‌ನಲ್ಲಿ ಇಬ್ಬರು ಹೋಗಲು ಕೊಡುವ ಚೀಟಿ) ಇದೇ ಮಾತು. ರದ್ದು ಮಾಡಿದರೆ ವೋಚರ್ ಮರಳುತ್ತದೆ, ಆದರೆ ಅದರ ಕೊನೆಯ ದಿನಾಂಕ ಮುಂದಕ್ಕೆ ಹೋಗುವುದಿಲ್ಲ.

ಯುರೋಪಿನೊಳಗಿನ ಚಿಕ್ಕ ಪ್ರಯಾಣಗಳಿಗೆ ಇಷ್ಟೆಲ್ಲ ಯೋಚನೆ ಬೇಕಿಲ್ಲ. ಪಾಯಿಂಟ್ ಹೆಚ್ಚು, ಹಣ ಒಂದು ಪೌಂಡ್ ಮಾತ್ರ ಎನ್ನುವ ಆಯ್ಕೆಯಲ್ಲಿ ಕೊಂಡರೆ, ರದ್ದು ಮಾಡಿದಾಗ ಹೋಗುವುದೂ ಆ ಒಂದು ಪೌಂಡೇ. ಕಟ್ಟಿದ ಹಣ 35ಕ್ಕಿಂತ ಕಡಿಮೆಯಿದ್ದರೆ ಅಷ್ಟನ್ನು ಮಾತ್ರ ಮುರಿದುಕೊಳ್ಳುತ್ತಾರೆ.

ತಮ್ಮ ತಿಪಟೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ವೈಶಾಖದಲ್ಲಿ ಗೃಹಪ್ರವೇಶ ಮಾಡುವ ಮನಸ್ಸಿದೆ, ತಾರಸಿ ಇನ್ನೂ ಬಿದ್ದಿಲ್ಲ, ಪುರೋಹಿತರನ್ನೂ ಕೇಳಿಲ್ಲ. ಹೋಗುವ ಎರಡು ಬುಕಿಂಗ್ ಆಗಿದೆ. ಬರುವ ದಿನದ ಸೀಟು ಇನ್ನು ಹದಿನೆಂಟು ದಿನಕ್ಕೆ ತೆರೆಯುತ್ತದೆ.